‘ಬಂದು’ ಎಂಬ ಒಂದೇ ರೂಪ, ಇಂಗ್ಲಿಷಿನಲ್ಲಿ ಹಲವು ಜೋಡಣೆ: ಮಕ್ಕಳಿಗೆ ಕಂಜಂಕ್ಷನ್ ಕಲಿಸುವ ಬಗ್ಗೆ ಚರ್ಚೆ

ಪ್ರೌಢಶಾಲಾ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ನಾನು ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ನನ್ನ ಮಕ್ಕಳಲ್ಲಿ ಹಲವರು ತೋಟದ ಲೈನ್ ಮನೆಗಳಿಂದ, ಅಂದರೆ ಕಾರ್ಮಿಕರ ಸಾಲುಮನೆಗಳಿಂದ, ಬರುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಯರವ ಇವುಗಳಲ್ಲಿ ಯಾವುದಾದರೊಂದನ್ನು ಆಡಿ, ಶಾಲೆಯಲ್ಲಿ ಕನ್ನಡವನ್ನು ಕಲಿತು, ಅದರ ಮೇಲೆ ಇಂಗ್ಲಿಷನ್ನು ಕಟ್ಟಿಕೊಳ್ಳಬೇಕಾದ ಮಕ್ಕಳು ಅವರು.

ಕಂಜಂಕ್ಷನ್, ಅಂದರೆ ವಾಕ್ಯಗಳನ್ನು ಜೋಡಿಸುವ ಸಂಯೋಜಕ ಪದಗಳ ಪಾಠವನ್ನು ಪ್ರತಿವರ್ಷವೂ ಮಾಡುತ್ತೇನೆ. ಬಿಟ್ಟ ಸ್ಥಳ ತುಂಬಲು ಕೊಟ್ಟರೆ ‘ಅಂಡ್’, ‘ಬಟ್’, ‘ಬಿಕಾಸ್’, ‘ಆಲ್ದೋ’ ಎಲ್ಲವನ್ನೂ ಹೆಚ್ಚಿನವರು ಸರಿಯಾದ ಜಾಗದಲ್ಲಿಯೇ ಇಡುತ್ತಾರೆ. ಅದೇ ಮಕ್ಕಳಿಗೆ ಸ್ವಂತವಾಗಿ ಹತ್ತು ಸಾಲು ಬರೆಯಿರಿ ಎಂದರೆ ಆ ತಿಳಿವಳಿಕೆ ಎಲ್ಲಿ ಹೋಗುತ್ತದೆಯೋ ಗೊತ್ತಾಗುವುದಿಲ್ಲ. ಕಕ್ಕಡ ತಿಂಗಳ ಮಳೆಯ ಬಗ್ಗೆ ಬರೆಯಲು ಹೇಳಿದಾಗ ಒಬ್ಬ ಹುಡುಗ ಬರೆದದ್ದು ಹೀಗಿದೆ: ‘ಯೆಸ್ಟರ್‌ಡೇ ಹೆವಿ ರೇನ್ ಕೇಮ್ ಅಂಡ್ ರಿವರ್ ಬಿಕೇಮ್ ಫುಲ್ ಅಂಡ್ ಬಸ್ ಡಿಡ್ ನಾಟ್ ಕಮ್ ಅಂಡ್ ಐ ವಾಕ್ಡ್ ಅಂಡ್ ಕೇಮ್ ಟು ಸ್ಕೂಲ್ ಅಂಡ್ ಐ ವಾಸ್ ಲೇಟ್.’ ಇನ್ನೊಬ್ಬಳ ವಾಕ್ಯ: ‘ಆಲ್ದೋ ದಿ ರೇನ್ ವಾಸ್ ಹೆವಿ, ಬಟ್ ವಿ ಕೇಮ್.’ ಮತ್ತೊಬ್ಬನದು: ‘ಬಿಕಾಸ್ ದಿ ಬಸ್ ಡಿಡ್ ನಾಟ್ ಕಮ್, ಸೋ ಐ ವಾಕ್ಡ್.’

ಕೆಂಪು ಶಾಯಿಯಲ್ಲಿ ತಿದ್ದಿ ಕೊಡುತ್ತೇನೆ. ಮುಂದಿನ ವಾರ ಅದೇ ತಪ್ಪು ಅದೇ ಜಾಗದಲ್ಲಿ ಮರಳುತ್ತದೆ. ಇಷ್ಟು ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದಾರೆ ಎಂದ ಮೇಲೆ ಅದನ್ನು ಅಜಾಗರೂಕತೆ ಎನ್ನಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಕಾರಣವೇನು, ಕಲಿಸುವ ದಾರಿ ಯಾವುದು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸೋಮವಾರಪೇಟೆ

ಮೇಡಂ, ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಆ ಹುಡುಗನ ಮೊದಲ ವಾಕ್ಯವನ್ನು ದಯವಿಟ್ಟು ಕನ್ನಡದಲ್ಲಿ ಹೇಳಿ ನೋಡಿ: ‘ನಿನ್ನೆ ಜೋರಾಗಿ ಮಳೆ ಬಂದು, ಹೊಳೆ ತುಂಬಿ, ಬಸ್ಸು ಬಾರದೆ, ನಡೆದುಕೊಂಡು ಬಂದು, ಶಾಲೆಗೆ ತಡವಾಯಿತು.’ ಇದರಲ್ಲಿ ಯಾವ ದೋಷವೂ ಇಲ್ಲ. ಹದವಾದ ಕನ್ನಡವೇ ಇದು. ವಾಕ್ಯದಲ್ಲಿ ಪೂರ್ಣ ಕ್ರಿಯಾಪದ ಒಂದೇ ಒಂದು, ‘ತಡವಾಯಿತು’. ಉಳಿದ ಕ್ರಿಯೆಗಳೆಲ್ಲ ‘ಬಂದು’, ‘ತುಂಬಿ’, ‘ಬಾರದೆ’ ಎಂಬ ಕೃದಂತಾವ್ಯಯಗಳಾಗಿ, ಅಂದರೆ ವಾಕ್ಯವನ್ನು ಮುಗಿಸದ ಕ್ರಿಯಾರೂಪಗಳಾಗಿ, ಅದರ ಹಿಂದೆ ಸಾಲುಗಟ್ಟಿ ನಿಂತಿವೆ. ‘ಮತ್ತು’ ಎಂಬ ಪದ ಎಲ್ಲಿಯೂ ಇಲ್ಲ, ಬೇಕಾಗಿಯೂ ಇಲ್ಲ. ಜೋಡಿಸುವ ಕೆಲಸವನ್ನು ಕ್ರಿಯಾಪದವೇ ತನ್ನ ಬಾಲದಲ್ಲಿ ಹೊತ್ತುಕೊಂಡಿದೆ.

ಕಾವೇರಿಯ ಬಗ್ಗೆ ನಮ್ಮ ಮಕ್ಕಳು ಬರೆಯುವ ವಾಕ್ಯವನ್ನೇ ನೋಡಿ: ‘ಕಾವೇರಿಯು ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಕುಶಾಲನಗರವನ್ನು ಹಾದು, ಕೊಡಗನ್ನು ಬಿಟ್ಟು ಮೈಸೂರು ಸೀಮೆಗೆ ಇಳಿಯುತ್ತಾಳೆ.’ ಐದು ಕ್ರಿಯೆ, ಒಂದು ವಾಕ್ಯ, ಸಂಯೋಜಕ ಪದ ಒಂದೂ ಇಲ್ಲ. ಇಂಥ ಭಾಷೆಯಲ್ಲಿ ಬೆಳೆದ ಮಗು ಇಂಗ್ಲಿಷಿಗೆ ಬಂದಾಗ ‘ಹುಟ್ಟಿ’ ಎಂಬುದಕ್ಕೆ ಸಮಾನವಾದ ಏನನ್ನೋ ಹುಡುಕುತ್ತದೆ. ಅದಕ್ಕೆ ಹತ್ತಿರದಲ್ಲಿ ಸಿಗುವುದು ‘ಅಂಡ್’. ಹೀಗಾಗಿ ಪ್ರತಿಯೊಂದು ‘ದು’ ಮತ್ತು ‘ಇ’ಗೂ ಒಂದೊಂದು ‘ಅಂಡ್’ ಬಂದು ಕೂರುತ್ತದೆ.

ತೊಡಕಿನ ಮೂಲ ಇದಕ್ಕಿಂತ ಸ್ವಲ್ಪ ಆಳದಲ್ಲಿದೆ. ನಮ್ಮ ‘ದು’ ರೂಪ ಒಂದೇ ಆದರೂ ಅದು ಹೇಳುವ ಸಂಬಂಧ ಒಂದೇ ಅಲ್ಲ. ‘ಅವನು ಎದ್ದು ಹೋದನು’ ಎಂದಾಗ ಅದು ಬರಿಯ ಅನುಕ್ರಮ; ಇಂಗ್ಲಿಷಿನಲ್ಲಿ ‘ಅಂಡ್’ ಸಾಕು. ‘ಗುಡ್ಡ ಕುಸಿದು ರಸ್ತೆ ಮುಚ್ಚಿತು’ ಎಂದಾಗ ಅದು ಕಾರಣ. 2018ರ ಆಗಸ್ಟ್ ತಿಂಗಳನ್ನು ಕಂಡ ಮಡಿಕೇರಿಯ ಯಾವ ಮಗುವಿಗೂ ಆ ‘ಕುಸಿದು’ ಬರಿಯ ಅನುಕ್ರಮವಲ್ಲವೆಂದು ವಿವರಿಸಬೇಕಾಗಿಲ್ಲ. ಇಲ್ಲಿ ‘ಬಿಕಾಸ್’ ಅಥವಾ ‘ಸೋ’ ಬೇಕು. ‘ನಡೆದು ಬಂದನು’ ಎಂದಾಗ ಅದು ಬಂದ ರೀತಿ; ಇಂಗ್ಲಿಷಿನಲ್ಲಿ ಯಾವ ಸಂಯೋಜಕವೂ ಬೇಡ, ‘ವಾಕ್ಡ್’ ಎಂಬ ಒಂದೇ ಕ್ರಿಯಾಪದದಲ್ಲಿ ಎರಡೂ ಅಡಗಿವೆ. ‘ಓದಿ ಪಾಸಾದನು’ ಎಂದರೆ ಸಾಧನ. ಇಲ್ಲಿ ‘ಬೈ ಸ್ಟಡಿಯಿಂಗ್’. ‘ಅವನು ಊರಿಗೆ ಬಂದು ಮೂರು ದಿನವಾಯಿತು’ ಎಂಬಲ್ಲಿ ಅದೇ ‘ಬಂದು’ ಕಾಲದ ಆರಂಭವನ್ನು ಸೂಚಿಸುತ್ತದೆ. ಇಂಗ್ಲಿಷ್ ಇಲ್ಲಿ ‘ಸಿನ್ಸ್’ ಬಯಸುತ್ತದೆ. ಇನ್ನು ‘ಎಷ್ಟು ಹೇಳಿಯೂ ಕೇಳಲಿಲ್ಲ’ ಎಂಬಲ್ಲಿ ‘ಹೇಳಿ’ಯ ತುದಿಗೆ ಒಂದು ‘ಊ’ ಸೇರಿದ ಮಾತ್ರಕ್ಕೆ ಅರ್ಥ ಪೂರ್ತಿ ತಿರುಗಿ ‘ಆಲ್ದೋ’ ಆಗಿಬಿಡುತ್ತದೆ.

ಕನ್ನಡದ ಕೇಳುಗ ಸಂಬಂಧವನ್ನು ಸಂದರ್ಭದಿಂದ ತಾನೇ ಗ್ರಹಿಸುತ್ತಾನೆ. ಇಂಗ್ಲಿಷಿನಲ್ಲಿ ಅದನ್ನು ಬರೆಯುವವನು ಬಾಯಿಬಿಟ್ಟು ಹೇಳಬೇಕು. ಆದ್ದರಿಂದ ನಾವು ಮಕ್ಕಳಿಗೆ ಮೊದಲು ಕೇಳಬೇಕಾದ ಪ್ರಶ್ನೆ ‘ಇಲ್ಲಿ ಯಾವ ಕಂಜಂಕ್ಷನ್ ಬರುತ್ತದೆ’ ಎಂಬುದಲ್ಲ. ‘ಈ ಬಂದು ಯಾಕೆ ಬಂದಿದೆ, ಆಮೇಲೆ ಎಂದೋ, ಅದರಿಂದ ಎಂದೋ, ಹೇಗೆ ಎಂದೋ’ ಎಂಬುದು. ಆ ಉತ್ತರ ಸಿಕ್ಕಿದರೆ ಇಂಗ್ಲಿಷ್ ಪದ ತಾನಾಗಿ ಬರುತ್ತದೆ. ನಿಮ್ಮ ಹುಡುಗನ ವಾಕ್ಯ ಆಗ ಹೀಗಾಗಬಹುದು: ‘ಬಿಕಾಸ್ ಇಟ್ ಹ್ಯಾಡ್ ರೇನ್ಡ್ ಹೆವಿಲಿ, ದಿ ರಿವರ್ ವಾಸ್ ಇನ್ ಫ್ಲಡ್ ಅಂಡ್ ದಿ ಬಸ್ ಡಿಡ್ ನಾಟ್ ಕಮ್. ಐ ವಾಕ್ಡ್ ಟು ಸ್ಕೂಲ್, ಸೋ ಐ ವಾಸ್ ಲೇಟ್.’ ಐದು ‘ಅಂಡ್’ಗಳಲ್ಲಿ ಒಂದು ಉಳಿಯಿತು, ಮತ್ತು ಅದು ಉಳಿಯಬೇಕಾದದ್ದೇ.

ಇಬ್ಬರು ಮಕ್ಕಳ ತಾಯಿ, ಮಡಿಕೇರಿ

ಸರ್, ನಿಮ್ಮ ವಿವರಣೆಯನ್ನು ಎರಡು ಬಾರಿ ಓದಿದೆ. ನಮ್ಮ ಮನೆಯ ಮಾತು ಕೊಡವ ತಕ್ಕ್. ನೀವು ಹೇಳಿದ ವಾಕ್ಯಗಳನ್ನು ಒಂದೊಂದಾಗಿ ನಮ್ಮ ಮಾತಿನಲ್ಲಿ ಹೇಳಿಕೊಂಡೆ. ಅಲ್ಲಿಯೂ ಕ್ರಿಯೆಗಳು ಇದೇ ರೀತಿ ಒಂದರ ಹಿಂದೆ ಒಂದು ಹೆಣೆದುಕೊಂಡು, ಕೊನೆಯ ಒಂದೇ ಕ್ರಿಯಾಪದದಲ್ಲಿ ಮುಗಿಯುತ್ತವೆ. ನಮ್ಮ ನೆರೆಯ ಮನೆಯವರು ಅರೆಭಾಷೆ ಆಡುವವರು. ಅವರನ್ನು ಕೇಳಿದಾಗ ಅವರೂ ಹಾಗೆಯೇ ಎಂದರು.

ನನ್ನದೊಂದು ಕಳಕಳಿಯಿದೆ. ‘ಕನ್ನಡದಲ್ಲಿ ಯೋಚಿಸುವುದರಿಂದಲೇ ನಿನ್ನ ಇಂಗ್ಲಿಷ್ ಕೆಟ್ಟಿದೆ’ ಎಂದು ನನ್ನ ಮಗಳಿಗೆ ಒಮ್ಮೆ ತರಗತಿಯಲ್ಲಿ ಹೇಳಲಾಯಿತು. ಅಂದು ಸಂಜೆ ಅವಳು ಮನೆಯಲ್ಲಿ ಅಜ್ಜಿಯೊಡನೆಯೂ ಇಂಗ್ಲಿಷಿನಲ್ಲಿ ಮಾತನಾಡಲು ಹೊರಟಳು. ಅಜ್ಜಿಗೆ ಇಂಗ್ಲಿಷ್ ಬಾರದು. ನನಗೆ ಆದ ಸಂಕಟವನ್ನು ಹೇಳಲಾರೆ. ಮಾತೃಭಾಷೆಯನ್ನು ದೋಷಿಯ ಸ್ಥಾನದಲ್ಲಿ ನಿಲ್ಲಿಸದೆ ಈ ವಿಷಯವನ್ನು ಮಕ್ಕಳಿಗೆ ಹೇಳಲು ಸಾಧ್ಯವಿದೆಯೇ?

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸೋಮವಾರಪೇಟೆ

ಸಾಧ್ಯವಿದೆಯಮ್ಮ, ಹಾಗೆಯೇ ಹೇಳಬೇಕು. ಆ ಮಗುವಿಗೆ ಹೇಳಿದ್ದು ಅನ್ಯಾಯವಷ್ಟೇ ಅಲ್ಲ, ತಪ್ಪು ಕೂಡ. ಕನ್ನಡದಲ್ಲಿ ಚೆನ್ನಾಗಿ ಯೋಚಿಸಬಲ್ಲ ಮಗುವಿಗೆ ಮಾತ್ರವೇ ‘ಕುಸಿದು’ ಎಂಬುದರಲ್ಲಿ ಕಾರಣ ಅಡಗಿದೆಯೆಂದು ಗೊತ್ತಾಗುತ್ತದೆ. ಆ ತಿಳಿವು ಇಲ್ಲದಿದ್ದರೆ ‘ಬಿಕಾಸ್’ ಎಲ್ಲಿ ಇಡಬೇಕೆಂದು ಹೇಗೆ ತೀರ್ಮಾನಿಸೀತು?

ಇನ್ನೊಂದು ಮಾತು. ಈ ಕೃದಂತದ ಸರಪಳಿ ಕನ್ನಡಕ್ಕಾಗಲಿ ಕೊಡವ ತಕ್ಕಿಗಾಗಲಿ ಸೀಮಿತವಲ್ಲ. ದ್ರಾವಿಡ ಭಾಷೆಗಳಲ್ಲಿ ಮಾತ್ರವಲ್ಲದೆ ಹಿಂದಿ, ಮರಾಠಿಗಳಂಥ ಭಾಷೆಗಳಲ್ಲಿಯೂ ಅದು ಇದೆ. ಹಿಂದಿಯ ‘ಜಾಕರ್’, ‘ಖಾಕರ್’ ಅದೇ ಕೆಲಸ ಮಾಡುತ್ತವೆ. 1930ರ ದಶಕದಲ್ಲಿ ದಕ್ಷಿಣ ಭಾರತಕ್ಕೆ ಬಂದು ನೀಲಗಿರಿಯ ತೋಡ, ಕೋತ ಭಾಷೆಗಳ ಜೊತೆಗೆ ಕೊಡವ ಭಾಷೆಯನ್ನೂ ಅಭ್ಯಾಸ ಮಾಡಿದ ಭಾಷಾವಿಜ್ಞಾನಿ ಎಂ. ಬಿ. ಎಮಿನೋ ಅವರು 1956ರಲ್ಲಿ ಭಾರತವನ್ನು ಒಂದು ‘ಭಾಷಿಕ ವಲಯ’ ಎಂದು ಕರೆದು ಪ್ರಸಿದ್ಧವಾದ ಲೇಖನವನ್ನು ಬರೆದರು. ಬೇರೆ ಬೇರೆ ಕುಲದ ಭಾಷೆಗಳು ಶತಮಾನಗಳ ಕಾಲ ಒಟ್ಟಿಗೆ ಬಾಳಿ ಇಂಥ ಲಕ್ಷಣಗಳನ್ನು ಹಂಚಿಕೊಂಡಿವೆ ಎಂಬುದು ಅದರ ತಿರುಳು. ನಿಮ್ಮ ಮಗಳ ವಾಕ್ಯದ ಹಿಂದೆ ಇಷ್ಟು ದೊಡ್ಡ ಬಳಗವಿದೆ ಎಂದು ಅವಳಿಗೆ ದಯವಿಟ್ಟು ಹೇಳಿ.

ಪದವಿ ವಿದ್ಯಾರ್ಥಿನಿ, ಗೋಣಿಕೊಪ್ಪಲು

ಎಲ್ಲರಿಗೂ ನಮಸ್ಕಾರ. ‘ಆಲ್ದೋ… ಬಟ್’ ಎಂಬ ತಪ್ಪನ್ನು ನಾನೂ ಪಿಯುಸಿ ಮುಗಿಯುವವರೆಗೆ ಮಾಡಿದ್ದೇನೆ. ಎರಡು ಬಳಸಬಾರದು ಎಂದು ಎಲ್ಲರೂ ಹೇಳುತ್ತಿದ್ದರು. ನನ್ನ ಕೈ ಯಾಕೆ ಎರಡನ್ನೂ ಬರೆಯುತ್ತಿತ್ತು ಎಂದು ಯಾರೂ ಹೇಳಲಿಲ್ಲ. ಕಳೆದ ವರ್ಷ ತಮ್ಮನಿಗೆ ಪಾಠ ಹೇಳಿಕೊಡುವಾಗ ನನಗೆ ತೋಚಿದ ಒಂದು ಸಂಗತಿಯನ್ನು ಇಲ್ಲಿ ಇಡುತ್ತೇನೆ. ಸರಿಯೇ ಎಂದು ಹಿರಿಯರು ತಿಳಿಸಬೇಕು.

‘ಮಳೆ ಬಂದರೂ ನಾವು ಹೋದೆವು.’ ಈ ವಾಕ್ಯದಲ್ಲಿ ವಿರೋಧವನ್ನು ಹೇಳುವ ‘ಊ’ ಎಲ್ಲಿದೆ? ಮೊದಲ ಭಾಗದ ತುದಿಯಲ್ಲಿ, ಅಂದರೆ ಎರಡು ಭಾಗಗಳು ಕೂಡುವ ಬೆಸುಗೆಯ ಜಾಗದಲ್ಲಿಯೇ ಇದೆ. ‘ಬಸ್ಸು ಬಾರದ್ದರಿಂದ ನಡೆದೆ’ ಎಂಬಲ್ಲಿಯೂ ‘ಇಂದ’ ಇರುವುದು ಅದೇ ಬೆಸುಗೆಯಲ್ಲಿ. ‘ಬಂದರೆ’, ‘ಬಂದಾಗ’, ‘ಬರುವ ತನಕ’ ಎಲ್ಲವೂ ಹಾಗೆಯೇ. ಇಂಗ್ಲಿಷಿನ ‘ಆಲ್ದೋ’, ‘ಬಿಕಾಸ್’, ‘ಇಫ್’, ‘ವೆನ್’ ಮಾತ್ರ ತಮ್ಮ ಭಾಗದ ತಲೆಯಲ್ಲಿ ಕೂರುತ್ತವೆ. ಹೀಗಾಗಿ ವಾಕ್ಯವನ್ನು ‘ಆಲ್ದೋ’ದಿಂದ ಆರಂಭಿಸಿ ‘ರೇನ್ ವಾಸ್ ಹೆವಿ’ ಎಂದು ಬರೆದು ಬೆಸುಗೆಯ ಜಾಗಕ್ಕೆ ಬಂದಾಗ ಅಲ್ಲಿ ಏನೂ ಇಲ್ಲ, ಬರಿಯ ಒಂದು ಅಲ್ಪವಿರಾಮ. ಯಾವಾಗಲೂ ಅಲ್ಲಿ ಏನನ್ನಾದರೂ ಕಾಣುವ ಅಭ್ಯಾಸವಿರುವ ಮನಸ್ಸು ಆ ಖಾಲಿ ಜಾಗವನ್ನು ಸಹಿಸದೆ ‘ಬಟ್’ ಹಾಕಿಬಿಡುತ್ತದೆ. ‘ಬಿಕಾಸ್… ಸೋ’ ಆಗುವುದೂ ಇದೇ ಕಾರಣಕ್ಕೆ ಎಂದು ನನ್ನ ಊಹೆ. ತಮ್ಮನಿಗೆ ‘ಅಲ್ಪವಿರಾಮವೇ ಇಲ್ಲಿನ ಬೆಸುಗೆ’ ಎಂದು ಹೇಳಿಕೊಟ್ಟ ಮೇಲೆ ಅವನು ತಪ್ಪುವುದು ಕಡಿಮೆಯಾಯಿತು.

ಒಂದು ಸಂದೇಹ ಮಾತ್ರ ಉಳಿದಿದೆ. ‘ಇಫ್… ದೆನ್’ ಎಂದು ಎರಡು ಪದ ಬಳಸಿದರೆ ಯಾರೂ ತಪ್ಪೆನ್ನುವುದಿಲ್ಲ. ಅಲ್ಲಿ ಸರಿಯಾದದ್ದು ಇಲ್ಲಿ ಏಕೆ ತಪ್ಪು?

ಭಾಷಾಂತರಕಾರ, ಕುಶಾಲನಗರ

ತಂಗಿ, ಬೆಸುಗೆಯ ಜಾಗದ ನಿಮ್ಮ ವಿವರಣೆ ನನಗೆ ಒಪ್ಪಿತವಾಯಿತು. ಒಂದು ತಿದ್ದುಪಡಿಯನ್ನು ಮಾತ್ರ ಸೇರಿಸುತ್ತೇನೆ: ಈ ತಪ್ಪಿಗೆ ಎಲ್ಲೆಡೆಯೂ ಇದೇ ಕಾರಣವೆನ್ನಲಾಗದು. ಚೀನೀ ಭಾಷೆ ಆಡುವವರೂ ಇಂಗ್ಲಿಷಿನಲ್ಲಿ ‘ಆಲ್ದೋ… ಬಟ್’ ಬರೆಯುತ್ತಾರೆ. ಅವರ ಭಾಷೆಯಲ್ಲಿ ಎರಡೂ ಭಾಗಗಳ ತಲೆಯಲ್ಲಿ ಒಂದೊಂದು ಪದವನ್ನಿಡುವುದೇ ವಾಡಿಕೆ. ನಮ್ಮಲ್ಲಿಯೂ ಸಂಸ್ಕೃತದಿಂದ ಬಂದ ‘ಯದ್ಯಪಿ… ತಥಾಪಿ’ ಎಂಬ ಜೋಡಿ ಹಳೆಯ ಗದ್ಯದಲ್ಲಿ ಉಂಟು.

ಈಗ ನಿಮ್ಮ ಸಂದೇಹ. ‘ದೆನ್’ ಸಂಯೋಜಕವಲ್ಲ, ಕ್ರಿಯಾವಿಶೇಷಣ. ‘ಆಗ’ ಎಂಬಂತೆ ಅದು ಎರಡನೆಯ ಭಾಗದೊಳಗೆ ಕುಳಿತಿರುತ್ತದೆ, ಬೆಸೆಯುವ ಕೆಲಸ ಮಾಡುವುದಿಲ್ಲ. ಬೆಸೆಯುವ ಕೆಲಸ ‘ಇಫ್’ ಒಂದರದೇ. ‘ಬಟ್’ ಮತ್ತು ‘ಸೋ’ ಹಾಗಲ್ಲ. ಅವು ಸಮಾನಸ್ಕಂಧರನ್ನು ಜೋಡಿಸುವ ಪದಗಳು, ಅವುಗಳ ಎಡಕ್ಕೂ ಬಲಕ್ಕೂ ತಮ್ಮಷ್ಟಕ್ಕೆ ನಿಲ್ಲಬಲ್ಲ ವಾಕ್ಯಗಳು ಬೇಕು. ‘ಆಲ್ದೋ ದಿ ರೇನ್ ವಾಸ್ ಹೆವಿ’ ಎಂಬುದು ತಾನಾಗಿ ನಿಲ್ಲದು. ಒಂದು ಭಾಗವನ್ನು ‘ಆಲ್ದೋ’ದಿಂದ ಅಧೀನ ಮಾಡಿ, ಮರುಕ್ಷಣವೇ ‘ಬಟ್’ ಇಟ್ಟು ಅದನ್ನು ಸಮಾನ ಎಂದರೆ ಎರಡು ಮಾತು ಪರಸ್ಪರ ವಿರುದ್ಧವಾಗುತ್ತವೆ. ಕನ್ನಡ ವ್ಯಾಕರಣದ ಸಂಯೋಜಿತ ವಾಕ್ಯ ಮತ್ತು ಮಿಶ್ರ ವಾಕ್ಯಗಳನ್ನು ಓದಿದವರಿಗೆ ಈ ಭೇದ ಹೊಸದಲ್ಲ. ಎರಡನ್ನೂ ಒಂದೇ ಬೆಸುಗೆಯಲ್ಲಿ ಬೆರೆಸಲಾಗದು ಎಂಬುದಷ್ಟೇ ಇಲ್ಲಿ ನೆನಪಿಡಬೇಕಾದದ್ದು.

ಆದರೆ ‘ದೋ… ಯೆಟ್’ ಎಂಬ ಜೋಡಿ ಇಂಗ್ಲಿಷಿನಲ್ಲಿ ಹಳೆಯ ಕಾಲದಿಂದಲೂ ಶಿಷ್ಟವಾಗಿಯೇ ಇದೆ. 1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲ್ಲಿನ ಯೋಬನ ಭಾಗದಲ್ಲಿ ‘ದೋ ಹಿ ಸ್ಲೇ ಮಿ, ಯೆಟ್ ವಿಲ್ ಐ ಟ್ರಸ್ಟ್ ಇನ್ ಹಿಮ್’ ಎಂದಿದೆ. ಅಲ್ಲಿ ‘ಯೆಟ್’ ಕೂಡ ‘ದೆನ್’ನಂತೆ ಕ್ರಿಯಾವಿಶೇಷಣ, ‘ಆದಾಗ್ಯೂ’ ಎಂಬ ಒತ್ತು. ಇಂದಿನ ಬರವಣಿಗೆಯಲ್ಲಿ ಇದು ವಿರಳವಾಗಿದೆ. ಮಕ್ಕಳು ಎಲ್ಲಿಯಾದರೂ ಕಂಡರೆ ತಪ್ಪೆಂದು ತಿಳಿಯದಿರಲಿ.

ನನ್ನ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ಇನ್ನೊಂದು ದೋಷವಿದೆ. ವಿದ್ಯಾವಂತರ ಪತ್ರಗಳಲ್ಲಿಯೂ ‘ದಿ ರೋಡ್ ವಾಸ್ ಕ್ಲೋಸ್ಡ್, ದೇರ್‌ಫೋರ್ ದಿ ಬಸ್ ಡಿಡ್ ನಾಟ್ ಕಮ್’ ಎಂಬಂಥ ವಾಕ್ಯ ಬರುತ್ತದೆ. ‘ದೇರ್‌ಫೋರ್’, ‘ಹವೆವರ್’, ‘ಮೋರೋವರ್’ ಇವುಗಳನ್ನು ನಾವು ‘ಆದ್ದರಿಂದ’, ‘ಆದರೆ’, ‘ಅಲ್ಲದೆ’ ಎಂದು ಕನ್ನಡಿಸಿಕೊಂಡು ಸಂಯೋಜಕಗಳೆಂದೇ ಎಣಿಸುತ್ತೇವೆ. ಅವು ಸಂಯೋಜಕಗಳಲ್ಲ. ಅವುಗಳಿಗಿಂತ ಮೊದಲು ಪೂರ್ಣವಿರಾಮವೋ ಅರ್ಧವಿರಾಮವೋ ಬೇಕು. ಅಲ್ಪವಿರಾಮಕ್ಕೆ ಎರಡು ಪೂರ್ಣ ವಾಕ್ಯಗಳನ್ನು ಹಿಡಿದಿಡುವ ಶಕ್ತಿ ಇಂಗ್ಲಿಷಿನಲ್ಲಿಲ್ಲ. ಕನ್ನಡದಲ್ಲಿ ‘ಮಳೆ ಬಂತು, ರಸ್ತೆ ಕುಸಿಯಿತು, ಬಸ್ಸು ಬರಲಿಲ್ಲ’ ಎಂದು ಅಲ್ಪವಿರಾಮದಲ್ಲಿಯೇ ಓಡಿಸಬಹುದು. ಇಂಗ್ಲಿಷಿನಲ್ಲಿ ಹಾಗೆ ಓಡಿಸಿದರೆ ದೋಷವೆಂದು ಗುರುತು ಹಾಕುತ್ತಾರೆ.

ಸಂಯೋಜಕವೋ ಅಲ್ಲವೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಆ ಪದವನ್ನು ಅದರ ವಾಕ್ಯದೊಳಗೆ ಸರಿಸಿ ನೋಡಿ. ‘ದಿ ಬಸ್, ಹವೆವರ್, ಡಿಡ್ ನಾಟ್ ಕಮ್’ ಎನ್ನಬಹುದು, ‘ಹವೆವರ್’ನ್ನು ಕೊನೆಗೂ ಒಯ್ಯಬಹುದು. ‘ದಿ ಬಸ್ ಬಟ್ ಡಿಡ್ ನಾಟ್ ಕಮ್’ ಎನ್ನಲಾಗದು. ಜಾಗ ಬಿಟ್ಟು ಕದಲದಿದ್ದರೆ ಅದು ಸಂಯೋಜಕ.

ಶಿಕ್ಷಕ, ಶನಿವಾರಸಂತೆ

ಚರ್ಚೆ ಬಹಳ ಉಪಯುಕ್ತವಾಗಿದೆ. ಆದರೂ ನನ್ನದೊಂದು ಭಿನ್ನಾಭಿಪ್ರಾಯವಿದೆ. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ನಮಗೆ ಸಿಗುವ ಸಮಯ ಕಡಿಮೆ. ಏಳು ಸಮಾನ ಸಂಯೋಜಕಗಳನ್ನು, ಅಂದರೆ ‘ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ’ ಇವುಗಳನ್ನು, ಅವುಗಳ ಮೊದಲಕ್ಷರಗಳಿಂದಾದ ‘ಫ್ಯಾನ್‌ಬಾಯ್ಸ್’ ಎಂಬ ಗುರುತಿನಿಂದ ಬಾಯಿಪಾಠ ಮಾಡಿಸುವುದು ನನ್ನ ಪದ್ಧತಿ. ದುರ್ಬಲ ವಿದ್ಯಾರ್ಥಿಗೆ ಹಿಡಿದುಕೊಳ್ಳಲು ಒಂದು ಊರುಗೋಲು ಬೇಕು. ‘ಬಂದು’ವಿನ ಆರು ಅರ್ಥಗಳನ್ನು ವಿವರಿಸುತ್ತಾ ಕುಳಿತರೆ ಉತ್ತೀರ್ಣನಾಗಬೇಕಾದ ಹುಡುಗ ಇನ್ನಷ್ಟು ಗೊಂದಲಕ್ಕೀಡಾಗುತ್ತಾನೆ ಎಂಬ ಭಯ ನನಗಿದೆ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸೋಮವಾರಪೇಟೆ

ನಿಮ್ಮ ಭಯ ಅರ್ಥವಾಗುತ್ತದೆ ಮೇಷ್ಟ್ರೇ. ತರಗತಿಯಲ್ಲಿ ನಿಂತವನಿಗೆ ಮಾತ್ರ ಅದು ಗೊತ್ತು. ಪಟ್ಟಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಆ ಏಳರಲ್ಲಿ ‘ಫಾರ್’ ಈಗ ಗ್ರಾಂಥಿಕವಾಗಿದೆ. ‘ನಾರ್’ ಬಂದರೆ ‘ನಾರ್ ಡಿಡ್ ಹಿ ಕಮ್’ ಎಂದು ಕ್ರಿಯಾಪದ ಮುಂದಕ್ಕೆ ಹಾರುತ್ತದೆ, ಅದನ್ನು ಬೇರೆಯಾಗಿಯೇ ಕಲಿಸಬೇಕು. ದುರ್ಬಲ ವಿದ್ಯಾರ್ಥಿಯ ಕೈಗೆ ‘ಅಂಡ್’, ‘ಬಟ್’, ‘ಸೋ’, ‘ಬಿಕಾಸ್’, ‘ಇಫ್’, ‘ವೆನ್’ ಈ ಆರು ಸರಿಯಾಗಿ ಹತ್ತಿದರೆ ಅವನು ತನಗೆ ಬೇಕಾದ ಬಹುಪಾಲು ವಿಷಯವನ್ನು ಬರೆಯಬಲ್ಲ. ಮೇಡಂ ಮೊದಲೇ ಹೇಳಿದಂತೆ ಬಿಟ್ಟ ಸ್ಥಳವನ್ನು ಅವರ ಮಕ್ಕಳು ಈಗಾಗಲೇ ತುಂಬಬಲ್ಲರು. ಅಲ್ಲಿ ಎರಡು ವಾಕ್ಯಗಳೂ ಅವುಗಳ ನಡುವಣ ಸಂಬಂಧವೂ ಬೇರೆಯವರು ಸಿದ್ಧಮಾಡಿ ಕೊಟ್ಟದ್ದು. ಸ್ವಂತವಾಗಿ ಬರೆಯುವಾಗ ಆ ಸಂಬಂಧವನ್ನು ಮಗುವೇ ತೀರ್ಮಾನಿಸಬೇಕು, ಮತ್ತು ಪಟ್ಟಿ ಅದನ್ನು ಕಲಿಸುವುದಿಲ್ಲ.

ಕಾಫಿ ಬೆಳೆಗಾರ, ನಾಪೋಕ್ಲು

ನಾನು ಶಿಕ್ಷಕನಲ್ಲ, ಆದರೆ ‘ಅಂಡ್’ ಎಂಬ ಪದದಿಂದ ನಷ್ಟ ಅನುಭವಿಸಿದವನು, ಆದ್ದರಿಂದ ಬರೆಯುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಹೊರರಾಜ್ಯದ ಖರೀದಿದಾರರೊಬ್ಬರಿಗೆ ಇಂಗ್ಲಿಷಿನಲ್ಲಿ ಹೀಗೆ ಬರೆದೆ: ‘ವಿ ವಿಲ್ ಸಪ್ಲೈ 20 ಬ್ಯಾಗ್ಸ್ ಆಫ್ ಅರೇಬಿಕಾ ಅಂಡ್ ರೋಬಸ್ಟಾ.’ ನನ್ನ ಮನಸ್ಸಿನಲ್ಲಿದ್ದದ್ದು ಎರಡೂ ಸೇರಿ 20 ಚೀಲ. ಅವರು ಓದಿಕೊಂಡದ್ದು ತಲಾ 20. ಚೀಲಕ್ಕೆ 50 ಕೆಜಿಯಂತೆ ಲೆಕ್ಕ ಹಾಕಿ. ಒಂದು ಟನ್ನೋ ಎರಡು ಟನ್ನೋ ಎಂಬ ಜಗಳ ಅದು. ಅಷ್ಟು ಸರಕು ನನ್ನ ಕಣದಲ್ಲಿ ಇರಲಿಲ್ಲ, ಮುಂಗಡ ಹಿಂದಿರುಗಿಸಬೇಕಾಯಿತು. ಕನ್ನಡದಲ್ಲಿ ಬರೆದಿದ್ದರೆ ‘ಒಟ್ಟು’ ಎಂದೋ ‘ತಲಾ’ ಎಂದೋ ಕೈ ತಾನಾಗಿ ಬರೆಯುತ್ತಿತ್ತು. ಈಗ ‘ಇನ್ ಆಲ್’ ಅಥವಾ ‘ಈಚ್’ ಎಂದು ತಪ್ಪದೆ ಸೇರಿಸುತ್ತೇನೆ.

ಆಮೇಲೆ ಬಂದ ಒಂದು ಕರಾರುಪತ್ರದಲ್ಲಿ ಮಾರುವವನು ‘ಲೋಡಿಂಗ್ ಅಂಡ್ ಟ್ರಾನ್ಸ್‌ಪೋರ್ಟ್ ಆರ್ ಸ್ಟೋರೇಜ್’ ವೆಚ್ಚವನ್ನು ಭರಿಸಬೇಕೆಂದು ಇತ್ತು. ಲಾರಿಗೆ ಹೇರುವ ಖರ್ಚು ಹೇಗೂ ನನ್ನದೇ, ಅದರ ಮೇಲೆ ಸಾಗಣೆ ಅಥವಾ ಗೋದಾಮು ಎಂದೇ? ಅಥವಾ ಹೇರುವುದು ಮತ್ತು ಸಾಗಣೆ ಒಂದು ಗುಂಪು, ಗೋದಾಮು ಮಾತ್ರ ಇನ್ನೊಂದು ಎಂದೇ? ಇದಕ್ಕೆ ಶುದ್ಧ ವಾಕ್ಯ ಹೇಗಿರಬೇಕಿತ್ತು ಎಂದು ತಿಳಿದವರು ಹೇಳಬೇಕು.

ಭಾಷಾಂತರಕಾರ, ಕುಶಾಲನಗರ

ಅಣ್ಣ, ನಿಮ್ಮ ಪ್ರಶ್ನೆಗೆ ಉತ್ತರ ಶಾಲೆಯ ವ್ಯಾಕರಣದಲ್ಲಿಯೇ ಇದೆ. ‘ಬೋತ್… ಅಂಡ್’, ‘ಈದರ್… ಆರ್’ ಎಂಬ ಜೋಡಿ ಸಂಯೋಜಕಗಳನ್ನು ನಾವು ಪರೀಕ್ಷೆಗಾಗಿ ಓದಿ ಬಿಟ್ಟುಬಿಡುತ್ತೇವೆ. ಅವುಗಳ ನಿಜವಾದ ಬೆಲೆ ತಿಳಿಯುವುದು ಇಂಥಲ್ಲಿ. ಗಣಿತದ ಆವರಣ ಚಿಹ್ನೆಯಂತೆ ಅವು ಗುಂಪಿನ ಆರಂಭವನ್ನು ಗುರುತಿಸುತ್ತವೆ. ‘ಲೋಡಿಂಗ್ ಅಂಡ್ ಈದರ್ ಟ್ರಾನ್ಸ್‌ಪೋರ್ಟ್ ಆರ್ ಸ್ಟೋರೇಜ್’ ಎಂದರೆ ಹೇರುವ ಖರ್ಚು ಖಚಿತ, ಉಳಿದೆರಡರಲ್ಲಿ ಒಂದು. ‘ಈದರ್ ಬೋತ್ ಲೋಡಿಂಗ್ ಅಂಡ್ ಟ್ರಾನ್ಸ್‌ಪೋರ್ಟ್ ಆರ್ ಸ್ಟೋರೇಜ್’ ಎಂದರೆ ಮೊದಲೆರಡು ಒಂದು ಗುಂಪು. ಎರಡನೆಯದು ಕಿವಿಗೆ ಒರಟಾಗಿದೆ, ಆದರೆ ಅರ್ಥ ಜಾರುವುದಿಲ್ಲ. ‘ಅಂಡ್’ ಮತ್ತು ‘ಆರ್’ ನಡುವೆ ಓರೆಗೆರೆ ಎಳೆದು ಎರಡನ್ನೂ ಒಟ್ಟಿಗೆ ಬರೆದಿರುವ ಕರಾರಿಗೆ ಸಹಿ ಹಾಕುವ ಮುನ್ನ ಅದು ಯಾವುದು ಎಂದು ಬರೆಸಿಕೊಳ್ಳಿ.

ಜೋಡಿ ಪದಗಳನ್ನು ಇಡುವ ಜಾಗವೂ ಮುಖ್ಯ. ‘ಹಿ ಗ್ರೋಸ್ ನಾಟ್ ಓನ್ಲಿ ಕಾಫಿ ಬಟ್ ಆಲ್ಸೋ ಪೆಪ್ಪರ್’ ಸರಿಯಾದ ವಾಕ್ಯ. ಕಾಫಿಯೊಂದಿಗೆ ಕಾಳುಮೆಣಸು ತೂಗುತ್ತದೆ. ‘ಹಿ ನಾಟ್ ಓನ್ಲಿ ಗ್ರೋಸ್ ಕಾಫಿ ಬಟ್ ಆಲ್ಸೋ ಪೆಪ್ಪರ್’ ಎಂದರೆ ಒಂದು ಕಡೆ ಕ್ರಿಯಾಪದ, ಇನ್ನೊಂದು ಕಡೆ ಬರಿಯ ನಾಮಪದ, ತಕ್ಕಡಿ ವಾಲುತ್ತದೆ. ಕನ್ನಡದಲ್ಲಿ ‘ಕಾಫಿಯನ್ನೂ ಕಾಳುಮೆಣಸನ್ನೂ’ ಎಂದು ಪ್ರತಿಯೊಂದಕ್ಕೂ ‘ಊ’ ಅಂಟಿಸುವುದರಿಂದ ತೂಕ ತಪ್ಪುವ ಪ್ರಶ್ನೆಯೇ ಬರುವುದಿಲ್ಲ. ಇಂಗ್ಲಿಷಿನಲ್ಲಿ ಆ ಎಚ್ಚರವನ್ನು ಬರೆಯುವವನೇ ವಹಿಸಬೇಕು.

ಇಬ್ಬರು ಮಕ್ಕಳ ತಾಯಿ, ಮಡಿಕೇರಿ

ಒಂದು ಚಿಕ್ಕ ಪ್ರಶ್ನೆ. ‘ಅಂಡ್’, ‘ಬಟ್’, ‘ಬಿಕಾಸ್’ಗಳಿಂದ ವಾಕ್ಯವನ್ನು ಆರಂಭಿಸಲೇಬಾರದೆಂದು ನನಗೆ ಕಲಿಸಿದ್ದರು. ಮಗಳ ಪಠ್ಯಪುಸ್ತಕದಲ್ಲಿ ‘ಬಟ್’ನಿಂದ ಆರಂಭವಾಗುವ ವಾಕ್ಯಗಳಿವೆ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸೋಮವಾರಪೇಟೆ

ಆರಂಭಿಸಬಹುದಮ್ಮ, ಒಳ್ಳೆಯ ಲೇಖಕರೆಲ್ಲ ಆರಂಭಿಸಿದ್ದಾರೆ. ‘ಬಿಕಾಸ್’ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ನಮ್ಮ ‘ಏಕೆಂದರೆ’ಯನ್ನು ಬಿಡಿಸಿದರೆ ‘ಏಕೆ ಎಂದರೆ’ ಎಂದಾಗುತ್ತದೆ. ಅಂದರೆ ಅದರೊಳಗೆ ಒಂದು ಪ್ರಶ್ನೆಯನ್ನು ಕೇಳಿ ಮುಗಿಸಿ ಆಗಿದೆ, ಆದ್ದರಿಂದ ಅದರ ಮುಂದೆ ಬರುವ ಉತ್ತರ ಸ್ವತಂತ್ರ ವಾಕ್ಯವಾಗಿ ನಿಲ್ಲಬಹುದು. ‘ನಾನು ಬರಲಿಲ್ಲ. ಏಕೆಂದರೆ ಜ್ವರವಿತ್ತು’ ಎಂಬುದು ಸರಿಯಾದ ಕನ್ನಡ. ‘ಐ ಡಿಡ್ ನಾಟ್ ಕಮ್. ಬಿಕಾಸ್ ಐ ಹ್ಯಾಡ್ ಫೀವರ್’ ಎಂದು ಬರೆದರೆ ಎರಡನೆಯದು ತುಂಡು ವಾಕ್ಯವಾಗುತ್ತದೆ. ‘ಬಿಕಾಸ್ ಐ ಹ್ಯಾಡ್ ಫೀವರ್, ಐ ಡಿಡ್ ನಾಟ್ ಕಮ್’ ಎಂದು ಮುಖ್ಯ ವಾಕ್ಯವನ್ನು ಜೊತೆಗಿಟ್ಟರೆ ಯಾವ ದೋಷವೂ ಇಲ್ಲ. ಈ ತುಂಡು ವಾಕ್ಯಗಳನ್ನು ತಡೆಯಲೆಂದೇ ಹಿಂದಿನ ಶಿಕ್ಷಕರು ‘ಬಿಕಾಸ್’ನಿಂದ ಆರಂಭಿಸುವುದನ್ನೇ ನಿಷೇಧಿಸಿರಬೇಕು ಎಂದು ನನಗನ್ನಿಸುತ್ತದೆ.

ಪ್ರೌಢಶಾಲಾ ಶಿಕ್ಷಕಿ, ವಿರಾಜಪೇಟೆ ತಾಲ್ಲೂಕು

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಕಳೆದ ಎರಡು ವಾರ ನಿಮ್ಮ ಸಲಹೆಯಂತೆ ಪಾಠ ಮಾಡಿದೆ. ಮೊದಲು ಮಕ್ಕಳಿಂದ ‘ಬಂದು’, ‘ಹೋಗಿ’, ‘ತಿಂದು’ ಇರುವ ವಾಕ್ಯಗಳನ್ನು ಅವರವರ ಮನೆಮಾತಿನಲ್ಲಿ ಹೇಳಿಸಿದೆ. ಎಂದೂ ಬಾಯಿಬಿಡದ ಒಬ್ಬ ಯರವ ಹುಡುಗಿ ಅಂದು ಎದ್ದು ನಿಂತು ತನ್ನ ಭಾಷೆಯಲ್ಲಿ ಮೂರು ವಾಕ್ಯ ಹೇಳಿ, ಯಾವುದು ‘ಆಮೇಲೆ’, ಯಾವುದು ‘ಅದರಿಂದ’ ಎಂದು ತಾನೇ ವಿಂಗಡಿಸಿದಳು. ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ವ್ಯಾಕರಣದ ತರಗತಿ ಅಷ್ಟು ಜೀವಂತವಾಗಿದ್ದುದನ್ನು ನಾನು ಕಂಡಿರಲಿಲ್ಲ.

ಫಲ ಎಲ್ಲರಲ್ಲಿಯೂ ಸಮನಾಗಿಲ್ಲ. ‘ಅಂಡ್’ಗಳ ಸಾಲು ಸ್ಪಷ್ಟವಾಗಿ ಕಡಿಮೆಯಾಗಿದೆ. ‘ಆಲ್ದೋ… ಬಟ್’ ಅರ್ಧ ಮಂದಿಯಲ್ಲಿ ಇನ್ನೂ ಉಳಿದಿದೆ. ಬೆಸುಗೆಯ ಜಾಗದಲ್ಲಿ ಅಲ್ಪವಿರಾಮಕ್ಕೆ ಕೆಂಪು ವೃತ್ತ ಹಾಕಿಸುವ ಅಭ್ಯಾಸವನ್ನು ಈಗ ಆರಂಭಿಸಿದ್ದೇನೆ. ಬಿಡದೆ ಕಾಡುತ್ತಿರುವುದು ‘ಅನ್‌ಲೆಸ್’. ಹೂಮಳೆಯ ಬಗ್ಗೆ ಬರೆಯಲು ಹೇಳಿದರೆ ‘ಅನ್‌ಲೆಸ್ ದಿ ರೇನ್ ಡಸ್ ನಾಟ್ ಕಮ್, ಕಾಫಿ ವಿಲ್ ನಾಟ್ ಫ್ಲವರ್’ ಎಂದೇ ಹಲವರು ಬರೆಯುತ್ತಾರೆ. ‘ಅಂಟಿಲ್’ನಲ್ಲಿ ಮಾತ್ರ ಅವರು ಹೀಗೆ ತಪ್ಪುವುದಿಲ್ಲ, ಅದು ನನಗೆ ಸೋಜಿಗವಾಗಿದೆ.

ನಿವೃತ್ತ ಇಂಗ್ಲಿಷ್ ಉಪನ್ಯಾಸಕ, ಸೋಮವಾರಪೇಟೆ

ಮೇಡಂ, ನೀವು ಗಮನಿಸಿದ್ದರಲ್ಲಿಯೇ ಉತ್ತರವಿದೆ. ‘ಅಂಟಿಲ್’ಗೆ ನಮ್ಮಲ್ಲಿ ‘ಮಳೆ ಬರುವ ತನಕ’ ಎನ್ನುತ್ತೇವೆ; ಅದರಲ್ಲಿ ನಿಷೇಧವಿಲ್ಲ, ಆದ್ದರಿಂದ ಮಕ್ಕಳು ಇಂಗ್ಲಿಷಿನಲ್ಲಿಯೂ ‘ನಾಟ್’ ಸೇರಿಸುವುದಿಲ್ಲ. ‘ಅನ್‌ಲೆಸ್’ಗೆ ನಾವು ಹೇಳುವುದು ‘ಮಳೆ ಬಾರದಿದ್ದರೆ’, ಅದರಲ್ಲಿ ನಿಷೇಧವಿದೆ. ‘ಅನ್‌ಲೆಸ್’ ಎಂಬ ಪದ ಆ ನಿಷೇಧವನ್ನು ತನ್ನ ಹೊಟ್ಟೆಯಲ್ಲಿಯೇ ಇಟ್ಟುಕೊಂಡಿದೆ ಎಂದು ಗೊತ್ತಿಲ್ಲದ ಮಗು ಇನ್ನೊಂದು ‘ನಾಟ್’ ಸೇರಿಸುತ್ತದೆ. ‘ಹೊರತು’ ಬಳಸಿ ವಿವರಿಸಲು ಹೋದರೂ ತೊಡಕಿದೆ, ಏಕೆಂದರೆ ಕನ್ನಡಿಗರು ‘ಮಳೆ ಬಂದ ಹೊರತು’ ಎಂದೂ ‘ಮಳೆ ಬಾರದ ಹೊರತು’ ಎಂದೂ ಒಂದೇ ಅರ್ಥದಲ್ಲಿ ಹೇಳುತ್ತಾರೆ.

ಹೀಗಾಗಿ ಹತ್ತನೆಯ ತರಗತಿಯ ಮಟ್ಟಕ್ಕೆ ನನ್ನ ಸಲಹೆ: ಮೊದಲು ‘ಇಫ್ ದಿ ರೇನ್ ಡಸ್ ನಾಟ್ ಕಮ್’ ಎಂದೇ ಬರೆಸಿ. ಅದು ‘ಬಾರದಿದ್ದರೆ’ಗೆ ಸರಿಯಾಗಿ ಹೊಂದುತ್ತದೆ, ಎಲ್ಲಿಯೂ ತಪ್ಪಾಗುವುದಿಲ್ಲ. ಅದು ಗಟ್ಟಿಯಾದ ಮೇಲೆ ‘ಇಫ್’ ಮತ್ತು ‘ನಾಟ್’ ಎರಡನ್ನೂ ಅಳಿಸಿ, ಆ ಎರಡರ ಬದಲಿಗೆ ‘ಅನ್‌ಲೆಸ್’ ಒಂದನ್ನೇ ಇಡುವ ಅಭ್ಯಾಸವನ್ನು ಕಪ್ಪು ಹಲಗೆಯ ಮೇಲೆ ಮಕ್ಕಳ ಕೈಯಿಂದಲೇ ಮಾಡಿಸಿ: ‘ಅನ್‌ಲೆಸ್ ದಿ ರೇನ್ ಕಮ್ಸ್, ದಿ ಕಾಫಿ ವಿಲ್ ನಾಟ್ ಫ್ಲವರ್.’ ಎಲ್ಲ ‘ಇಫ್ ನಾಟ್’ಗಳನ್ನೂ ಹೀಗೆ ಬದಲಿಸಲಾಗದು, ‘ಕೊಯ್ಲಿನ ಹೊತ್ತಿಗೆ ಮಳೆ ಬಾರದಿದ್ದರೆ ಸಂತೋಷ’ ಎಂಬಲ್ಲಿ ‘ಇಫ್ ಇಟ್ ಡಸ್ ನಾಟ್ ರೇನ್’ ಎಂದೇ ಬರೆಯಬೇಕು, ಅಲ್ಲಿ ‘ಅನ್‌ಲೆಸ್’ ಹೊಂದುವುದಿಲ್ಲ. ಆ ಭೇದವನ್ನು ಪಿಯುಸಿಯವರೆಗೆ ಮುಂದೂಡಿದರೂ ನಷ್ಟವಿಲ್ಲ.

ಆ ಯರವ ಹುಡುಗಿ ಹೇಳಿದ ಮೂರು ವಾಕ್ಯಗಳನ್ನು, ಅವಳೂ ಅವಳ ಮನೆಯವರೂ ಒಪ್ಪಿದರೆ, ಅವಳ ಭಾಷೆಯಲ್ಲಿಯೇ ಬರೆದು ಇಲ್ಲಿ ಹಾಕುವಿರಾ? ಅವುಗಳ ಪಕ್ಕದಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಇಟ್ಟು ಒಂದು ಪಾಠದ ಹಾಳೆಯನ್ನು ನಾನು ಸಿದ್ಧಪಡಿಸುತ್ತೇನೆ.